ಹೋಗ್ಲಾ ಎಂಬ ಹುಡುಗಿ ಮತ್ತು ನಮ್ಮ ಪಿಳ್ಳಮ್ಮತ್ತೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಸ್ಟೀಲಿನ ಕೊಳದಪ್ಪಲೆ ಇದೆ. ಇಪ್ಪತ್ತು ಜನಕ್ಕೆ ಸಾರು ಮಾಡುವಷ್ಟು ದೊಡ್ಡದು. ಈಗ ಜೆ.ಪಿ. ನಗರದ ಈ ಮನೆಯಲ್ಲಿ ಇರುವವರು ನಾನು ಮತ್ತು ನಮ್ಮ ಯಜಮಾನರು, ಇಬ್ಬರೇ. ಅವರಿಗೆ ಸಾರು ಕಂಡರೆ ಆಗುವುದಿಲ್ಲ. ಆದರೂ ಹಬ್ಬಕ್ಕೊಮ್ಮೆ ಅದನ್ನು ಇಳಿಸಿ, ತಿಕ್ಕಿ, ಒರೆಸಿ, ಮತ್ತೆ ಮೇಲಕ್ಕೇರಿಸುತ್ತೇನೆ. ಕಾರಣ ಹೇಳಿದರೆ ನಗಬೇಡಿ. ಅದರ ಕಂಠದ ಮೇಲೆ ನನ್ನ ಹೆಸರಿದೆ. 'ವಿ. ಸರೋಜ' ಎಂದು ಚುಕ್ಕೆ ಚುಕ್ಕೆಯಾಗಿ ಕೊರೆದಿದ್ದಾರೆ.

ನನ್ನ ಮದುವೆಗೆ ಪಾತ್ರೆ ಕೊಳ್ಳಲು ಅಪ್ಪ ನನ್ನನ್ನು ಜಯನಗರ ನಾಲ್ಕನೇ ಬ್ಲಾಕಿಗೆ ಕರೆದುಕೊಂಡು ಹೋಗಿದ್ದರು. ಅಂಗಡಿಯ ಮೂಲೆಯಲ್ಲಿ ಒಬ್ಬಾತ ಗುಂಯ್ ಎನ್ನುವ ಪುಟ್ಟ ಮಷೀನು ಹಿಡಿದು ಕೂತಿದ್ದ. "ಹುಡುಗಿ ಹೆಸರು ಹಾಕ್ಲಾ, ನಿಮ್ ಹೆಸರು ಹಾಕ್ಲಾ ಯಜಮಾನ್ರೇ?" ಎಂದು ಕೇಳಿದ. ಅಪ್ಪ, "ಹುಡುಗೀದೇ ಹಾಕಪ್ಪಾ. ನಾಳೆ ಅವಳ ಅತ್ತೆ ಮನೇಲಿ ಯಾರೂ ಇದು ನಮ್ದು ಅನ್ಬಾರ್ದು" ಎಂದರು. ಕೊಳದಪ್ಪಲೆಯಿಂದ ಹಿಡಿದು ಸೌಟಿನವರೆಗೆ ನನ್ನ ಹೆಸರು ಬಿತ್ತು. ಚಮಚಗಳ ಮೇಲೆ ಜಾಗ ಸಾಲದೆ ಬರೀ 'ವಿ.ಸ.' ಎಂದು ಕೊರೆದ. ನಾನು ಹೆಮ್ಮೆಯಿಂದ ಉಬ್ಬಿಹೋಗಿದ್ದೆ. ತವರುಮನೆಯವರು ನನ್ನ ಹೆಸರು ಬರೆಸುವುದು ಪಾತ್ರೆಗಳ ಮೇಲೆ ಮಾತ್ರ ಎಂದು ಆಗ ನನಗೆ ತಿಳಿದಿರಲಿಲ್ಲ.

ಈ ಪಾತ್ರೆ ಪುರಾಣ ಯಾಕೆ ಎತ್ತಿದೆನೆಂದರೆ ನನಗೆ ಸಿಟ್ಟು ಬಂದಿದೆ. ಸಿಟ್ಟು ಬಂದರೆ ನಾನು ಪಾತ್ರೆ ತಿಕ್ಕುತ್ತೇನೆ. ಕೆಲಸದವಳು "ಮೇಡಂ, ನನ್ನನ್ನ ಬಿಡಿಸ್ತೀರಾ ಹೆಂಗೆ?" ಎಂದು ಕೇಳಿಯೂ ಆಯಿತು.

ಆದದ್ದಿಷ್ಟು. ಹೋದ ಅವರೆಕಾಯಿ ಕಾಲದಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ನನ್ನ ತಮ್ಮ ನಾಗರಾಜ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದ. ನಮ್ಮದು ಕುಮಾರಸ್ವಾಮಿ ಲೇಔಟ್ ಹುಟ್ಟುವುದಕ್ಕೆ ಮುಂಚೆ ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ. ಈಗ ರಾಗಿಯ ಜಾಗದಲ್ಲಿ ಬಾಡಿಗೆ ಮನೆಗಳು ಬೆಳೆದಿವೆ, ಅವನ್ನು ನಾಗರಾಜ ನೋಡಿಕೊಳ್ಳುತ್ತಾನೆ. ನಮ್ಮಲ್ಲಿ ಯಾವುದೇ ಕಾಗದ ಮನೆಗೆ ಬಂದರೂ ಮೊದಲು ದೇವರ ಮುಂದಿಟ್ಟು, ಮೂಲೆಗೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಫೋಟೋ ತೆಗೆದು ಗುಂಪಿಗೆ ಹಾಕುವುದು ರೂಢಿ. ಕಾರಿನ ಆರ್.ಸಿ., ಬೋರ್‌ವೆಲ್ ರಸೀದಿ, ಅವನ ಮಗನ ಹಾಲ್ ಟಿಕೆಟ್ ಎಲ್ಲವೂ ಹೀಗೆ ದರ್ಶನ ಕೊಟ್ಟಿವೆ. ಎಲ್ಲರೂ ತಪ್ಪದೆ ಕೈಮುಗಿದ ಚಿತ್ರ ಒತ್ತುತ್ತೇವೆ. ಅವತ್ತೂ ಒತ್ತಿದೆ. ಒಂದಲ್ಲ, ಮೂರು ಜೊತೆ ಕೈ. ಒತ್ತಿ ಒಗ್ಗರಣೆಗೆ ಹೋದೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. 'ಪ್ರಶ್ನೆ ಪೂರ್ತಿ ಓದಿ ಆಮೇಲೆ ಉತ್ತರ ಬರೀರಿ' ಎಂದು ಮಕ್ಕಳ ಕಿವಿ ಹಿಂಡಿದವಳು. ತಿಂಡಿಯಾದ ಮೇಲೆ ಕನ್ನಡಕ ಹಾಕಿಕೊಂಡು ಆ ಫೋಟೋ ದೊಡ್ಡದು ಮಾಡಿ ನೋಡಿದೆ. ಅದು ನಮ್ಮ ವಂಶವೃಕ್ಷ. ಜಮೀನಿನ ಕಾಗದ ಒಬ್ಬರಿಂದ ಇನ್ನೊಬ್ಬರ ಹೆಸರಿಗೆ ಆಗಬೇಕಾದರೆ, ಈ ಮನೆಯಲ್ಲಿ ಹುಟ್ಟಿದವರು ಯಾರ್‍ಯಾರು ಎಂದು ಬರೆದು ಕಚೇರಿಗೆ ಕೊಡುವ ಪಟ್ಟಿ. ಮೇಲೆ ನಮ್ಮ ತಾತ ಮುನಿಶಾಮಪ್ಪ. ಅವರ ಕೆಳಗೆ ಒಂದು ಗೆರೆ, ಒಬ್ಬನೇ ಮಗ ವೆಂಕಟಪ್ಪ, ಎಂದರೆ ಈಗಿಲ್ಲದ ನಮ್ಮಪ್ಪ. ಅಪ್ಪನ ಕೆಳಗೆ ಒಂದು ಗೆರೆ, ಒಬ್ಬನೇ ಮಗ ನಾಗರಾಜ. ಕೊನೆಗೆ, 'ಇವರ ಹೊರತು ಬೇರೆ ಮಕ್ಕಳು, ವಾರಸುದಾರರು ಯಾರೂ ಇರುವುದಿಲ್ಲ.' ಸಾಕ್ಷಿ ಹಾಕಿದ ಇಬ್ಬರೂ ನನ್ನ ಮದುವೆಯಲ್ಲಿ ಎರಡೆರಡು ಪಂಕ್ತಿ ಕೂತು ಉಂಡವರು.

ನಾನು ಹುಟ್ಟಿಯೇ ಇಲ್ಲ ಎನ್ನುವ ಕಾಗದಕ್ಕೆ ನಾನೇ ಮೂರು ಜೊತೆ ಕೈ ಮುಗಿದಿದ್ದೆ.

ಫೋನು ಮಾಡಿದೆ. ನಾಗರಾಜ, "ಅಯ್ಯೋ ಅಕ್ಕ, ಅದು ಆಫೀಸ್ ಫಾರ್ಮಾಲಿಟಿ. ನಿನ್ನ ಹೆಸರು ಹಾಕಿದ್ರೆ ನಿನ್ ಸೈನ್ ಬೇಕು, ಆಧಾರ್ ಬೇಕು, ಮೂರ್ ಸಲ ಬಾ ಅಂತಾರೆ. ನಿಂಗೆ ಮಂಡಿ ನೋವು ಬೇರೆ. ಓಡಾಟ ತಪ್ಲಿ ಅಂತ ಬಿಟ್ಟೆ" ಎಂದ.

ನೋಡಿ ಇವನ ಕರುಣೆಯನ್ನು. ಅಕ್ಕನ ಮಂಡಿ ನೋಯಬಾರದೆಂದು ಅಕ್ಕನನ್ನೇ ಅಳಿಸಿಬಿಟ್ಟಿದ್ದಾನೆ.

"ಹೆಣ್ಮಕ್ಕಳಿಗೂ ಪಾಲಿದೆ ಅಂತ ಕಾನೂನು ಬಂದಿದೆಯಲ್ಲೋ" ಎಂದೆ.

"ಕಾನೂನು ಬಂದಿರೋದ್ರಿಂದ್ಲೇ ಅಕ್ಕ ಹಿಂಗೆಲ್ಲ ಮಾಡ್ಬೇಕಾಗಿರೋದು" ಎಂದ, ತುಂಬ ಪ್ರಾಮಾಣಿಕವಾಗಿ. "ನಿನ್ಗೇನು ಕಮ್ಮಿ ಮಾಡಿದೀವಿ ಹೇಳು. ಮದ್ವೆ ಜೋರಾಗಿ ಮಾಡ್ಲಿಲ್ವಾ? ಒಂದು ಗೌರಿ ಹಬ್ಬಕ್ಕಾದ್ರೂ ಬಾಗಿನ ತಪ್ಪಿಸಿದೀನಾ?"

ಬಾಗಿನ ತಪ್ಪಿಸಿಲ್ಲ, ನಿಜ. ವರ್ಷಕ್ಕೊಂದು ಜೊತೆ ಮೊರ, ಅದರಲ್ಲಿ ಬಳೆ, ಬಿಚ್ಚೋಲೆ, ಬೆಲ್ಲ, ಬೇಳೆ, ಒಂದು ರವಿಕೆ ಕಣ. ಆ ರವಿಕೆ ಕಣ ಯಾವ ಕಾಲಕ್ಕೂ ರವಿಕೆಗೆ ಸಾಲುವುದಿಲ್ಲ. ಆ ಮೊರದ ಮುಂದೆ ನಾನು ಪ್ರತಿ ಸಲ ಕಣ್ಣು ತುಂಬಿಕೊಂಡಿದ್ದೇನೆ ಎನ್ನುವುದು ಈಗ ನೆನೆದರೆ ಇನ್ನೂ ಸಿಟ್ಟು. ಇದೇ ನಾಗರಾಜನ ಹುಟ್ಟುಹಬ್ಬಕ್ಕೆ ಹೋದ ವರ್ಷ ಅವನ ಬಾಡಿಗೆದಾರರು ರಸ್ತೆ ತಿರುವಿನಲ್ಲಿ ಫ್ಲೆಕ್ಸ್ ಕಟ್ಟಿಸಿದ್ದರು. ಅದರಲ್ಲಿ ಜಿಮ್ಮಿನ ಹುಡುಗರ ಮುಖ, ನೀರು ಬಿಡುವವನ ಮುಖ, ಯಾರೋ ಸಾಕಿದ ನಾಯಿಯ ಮುಖವೂ ಇತ್ತು. ಆ ನಾಯಿಯಷ್ಟು ಜಾಗವೂ ನನಗೆ ನನ್ನ ಅಪ್ಪನ ಕೆಳಗೆ ಸಿಗಲಿಲ್ಲ.

ಈಗ ನಮ್ಮ ರೆಬೆಕಾ ಆಂಟಿಯ ಮಾತು. ಹನ್ನೊಂದು ವರ್ಷದಿಂದ ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದಾರೆ. ಕೊಂಕಣ ತೀರದ ಯಹೂದಿಗಳು. ಅವರ ಗಂಡನಿಗೆ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸವಿತ್ತು, ಅವರು ತೀರಿಕೊಂಡ ಮೇಲೂ ಆಂಟಿ ಬೆಂಗಳೂರು ಬಿಡಲಿಲ್ಲ. ಮನೆಮಾತು ಮರಾಠಿ. ಎಣ್ಣೆ ಗಾಣ ಆಡಿಸುತ್ತಿದ್ದ ಅವರ ಪೂರ್ವಜರು ದೇವರಿಗೆ ಮೀಸಲಾದ ಶನಿವಾರ ಗಾಣ ಮುಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು ಶನಿವಾರದ ತೇಲಿಗಳು, ಎಂದರೆ ಶನಿವಾರದ ಗಾಣಿಗರು, ಎಂದೇ ಕರೆಯುತ್ತಿದ್ದರಂತೆ. ಅವರು ಬಂದ ಹೊಸದರಲ್ಲಿ ಶುಕ್ರವಾರ ಸಂಜೆ ತಲೆಗೆ ಸೆರಗು ಹೊದ್ದು ದೀಪ ಹಚ್ಚುವುದನ್ನು ಕಿಟಕಿಯಿಂದ ನೋಡಿ, ಪಾಪ, ನಮ್ಮನ್ನು ನೋಡಿ ಲಕ್ಷ್ಮೀಪೂಜೆ ಕಲಿತಿದ್ದಾರೆ ಎಂದುಕೊಂಡಿದ್ದೆ. ಒಂದು ವರ್ಷ ಪೂರ್ತಿ ಶುಕ್ರವಾರ ಶುಕ್ರವಾರ ಮೇಲೆ ಹೋಗಿ ಅರಿಸಿನ ಕುಂಕುಮ ಕೊಟ್ಟು ಬಂದೆ. ಅವರೂ ಒಂದು ಮಾತಾಡದೆ ತೆಗೆದುಕೊಂಡರು. ಕೊನೆಗೆ ಒಂದು ದಿನ, "ಸರೋಜಾ, ಇದು ನಿಮ್ಮ ಲಕ್ಷ್ಮಿ ಅಲ್ಲ, ನಮ್ಮ ಶನಿವಾರಕ್ಕೆ ಸ್ವಾಗತ. ಆದ್ರೆ ನೀವು ಬರೋದು ನಿಲ್ಲಿಸ್ಬೇಡಿ" ಎಂದರು. ನಾನು ನಿಲ್ಲಿಸಿಲ್ಲ.

ಆ ಶುಕ್ರವಾರ ಸಂಜೆಯೂ ಹೋದೆ. ಅವರು ಮಲಿದಾ ಮಾಡಿದ್ದರು. ನೆನೆಸಿದ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ, ಹಣ್ಣು ಬೆರೆಸುತ್ತಾರೆ. ನಮ್ಮ ಸಿಹಿ ಅವಲಕ್ಕಿಯ ಅಕ್ಕ ಎನ್ನಬಹುದು. ತಿನ್ನುತ್ತ ತಿನ್ನುತ್ತ ಕಾಗದದ ಕತೆ ಹೇಳಿದೆ. ಅವರು ತಟ್ಟೆ ಕೆಳಗಿಟ್ಟು, "ನಮ್ಮ ಧರ್ಮಗ್ರಂಥದಲ್ಲಿ ಐದು ಹುಡುಗೀರು ಇದಾರೆ, ಗೊತ್ತಾ?" ಎಂದರು.

ಸೆಲೋಫಹಾದ ಎಂಬೊಬ್ಬನಿಗೆ ಐದು ಜನ ಹೆಣ್ಣುಮಕ್ಕಳು, ಗಂಡಿಲ್ಲ. ಮಾಹ್ಲಾ, ನೋಆ, ಹೋಗ್ಲಾ, ಮಿಲ್ಕಾ, ತಿರ್ಸಾ. ಜನವೆಲ್ಲ ಮರಳುಗಾಡಿನಲ್ಲಿ ಡೇರೆ ಹಾಕಿಕೊಂಡಿದ್ದಾಗ, ಮುಂದೆ ಸಿಗಲಿರುವ ಭೂಮಿಯನ್ನು ಮನೆಮನೆಗೆ ಹಂಚಲು ಗಂಡಸರ ಹೆಸರು ಬರೆದುಕೊಳ್ಳುತ್ತಿದ್ದರು. ಅಪ್ಪ ತೀರಿಹೋಗಿದ್ದ. ಈ ಐವರೂ ದೇವರ ಡೇರೆಯ ಬಾಗಿಲಿಗೆ ನಡೆದರು. ಎದುರಿಗೆ ನಾಯಕ ಮೋಶೆ, ಪುರೋಹಿತರು, ಹಿರಿಯರು, ಇಡೀ ಜನ. ಗಂಡು ಮಗ ಇಲ್ಲವೆಂದು ನಮ್ಮಪ್ಪನ ಹೆಸರು ಯಾಕೆ ಅಳಿಯಬೇಕು, ನಮಗೂ ಭೂಮಿ ಕೊಡಿ ಎಂದು ಕೇಳಿದರು. ಮೋಶೆಗೆ ಉತ್ತರ ಹೊಳೆಯದೆ ದೇವರನ್ನು ಕೇಳಿದನಂತೆ. ದೇವರು, ಹುಡುಗಿಯರು ಹೇಳಿದ್ದು ಸರಿ ಎಂದನಂತೆ.

"ಐದೂ ಹೆಸರು ನಾಕು ಕಡೆ ಬರೆದಿದಾರೆ ಸರೋಜಾ" ಎಂದರು ಆಂಟಿ, ನಾಲ್ಕು ಬೆರಳು ತೋರಿಸಿ. "ದೊಡ್ಡ ದೊಡ್ಡವರ ಹೆಂಡ್ತೀರಿಗೆ ಹೆಸರಿಲ್ಲ ಅಲ್ಲಿ. ಇವರಿಗೆ ನಾಕು ಸಲ."

ಐವರಲ್ಲಿ ನನಗೆ ಹಿಡಿಸಿದವಳು ನಡುವಿನವಳು, ಹೋಗ್ಲಾ. ನೋಆ, ತಿರ್ಸಾ ಎಂದು ಅವರಲ್ಲಿ ಈಗಲೂ ಮಕ್ಕಳಿಗೆ ಹೆಸರಿಡುತ್ತಾರಂತೆ. ಹೋಗ್ಲಾ ಎಂದು ಇಟ್ಟವರನ್ನು ಆಂಟಿ ಕಂಡಿಲ್ಲವಂತೆ. ಅರ್ಥ ಕೇಳಿದೆ. ಕೋಳಿಯಂಥ ಒಂದು ಹಕ್ಕಿ, ಹಾರುವುದು ಕಡಿಮೆ, ನೆಲದ ಮೇಲೇ ಓಡಾಡುತ್ತದೆ ಎಂದು ಎರಡು ಕೈಯಲ್ಲಿ ಗಾತ್ರ ತೋರಿಸಿದರು. ನನಗೆ ತಟ್ಟನೆ ಗೊತ್ತಾಯಿತು. ಕವುಜುಗ.

ನಮ್ಮ ಹೊಲದ ಬದುಗಳಲ್ಲಿ ಕವುಜುಗಗಳಿದ್ದವು ಎಂದರೆ ಈಗ ಆ ರಿಂಗ್ ರೋಡಿನಲ್ಲಿ ಬಸ್ಸಿಗೆ ಕಾಯುವವರು ನಂಬುವುದಿಲ್ಲ. ಬೆಳಗಾದರೆ ಲಂಟಾನದ ಪೊದೆಯಿಂದ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದವು. ಹೋಗಿ ನೋಡಿದರೆ ಬರೀ ಮಣ್ಣು. ನಾನು ಐದಾರು ವರ್ಷದವಳಿದ್ದಾಗ ಒಂದನ್ನು ಹಿಡಿಯಲೇಬೇಕೆಂದು ಮಂಕರಿ ಹಿಡಿದು ಇಡೀ ಬೆಳಿಗ್ಗೆ ಪೊದೆಯ ಮುಂದೆ ಕೂತಿದ್ದೆ. ಮಧ್ಯಾಹ್ನ ಅಪ್ಪನ ಅಕ್ಕ ಪಿಳ್ಳಮ್ಮತ್ತೆ ಬಂದು, ಮಂಕರಿಯನ್ನೂ ನನ್ನನ್ನೂ ಒಟ್ಟಿಗೇ ಎತ್ತಿಕೊಂಡು ಮನೆಗೆ ತಂದರು. ನನ್ನ ಮೈತುಂಬ ಕೆಂಪಿರುವೆ. ಅವರು ಸೀಮೆಎಣ್ಣೆ ಹಚ್ಚಿ, ಆಮೇಲೆ ಎರಡು ಬಾರಿಸಿದರು. ಅಮ್ಮ ಸದಾ ಹೊಲ ಕೊಟ್ಟಿಗೆ ಎಂದು ಓಡಾಡುತ್ತಿದ್ದುದರಿಂದ, ತವರಿಗೆ ಬಂದಾಗಲೆಲ್ಲ ಹಚ್ಚುವುದು ಬಾರಿಸುವುದು ಎರಡೂ ಅತ್ತೆಯ ಪಾಲಿಗೇ ಬರುತ್ತಿದ್ದವು.

ಇರಲಿ. ಹೋಗ್ಲಾಳ ವಿಚಾರದಲ್ಲಿ ನನಗೊಂದು ಅನುಮಾನ ಬಂತು. "ಆಂಟಿ, ಅವರಿಗೆ ಒಬ್ಬ ತಮ್ಮ ಇದ್ದಿದ್ದರೆ?" ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಮಲಿದಾ ಕಲಸಿದರು. "ತಮ್ಮ ಇದ್ರೆ ಅವನಿಗೆ. ಮಗ ಇಲ್ಲದಿದ್ರೆ ಮಾತ್ರ ಮಗಳಿಗೆ."

"ಸಿಕ್ಕಿದ್ದಾದರೂ ಪೂರಾ ಸಿಕ್ಕಿತಾ?"

"ಸಿಕ್ತು. ಆಮೇಲೆ ಹಿರಿಯರು ಬಂದು, ಈ ಹುಡುಗೀರು ಬೇರೆ ಕುಲದವರನ್ನ ಮದುವೆ ಆದ್ರೆ ಭೂಮಿ ಅವರಿಗೆ ಹೋಗತ್ತೆ ಅಂದ್ರು. ಅದಕ್ಕೆ ಸ್ವಂತ ಕುಲದಲ್ಲೇ ಮದುವೆ ಆಗ್ಬೇಕು ಅಂತ ಆಯ್ತು. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳನ್ನೇ ಆದ್ರು."

ನನಗೆ ಕೆಂಡದಂಥ ಕೋಪ ಬಂತು. ಅಷ್ಟು ದೂರ ನಡೆದುಕೊಂಡು ಹೋಗಿ, ಅಷ್ಟು ಜನರ ಮುಂದೆ ನಿಂತು ಬಾಯಿಬಿಟ್ಟು ಕೇಳಿ, ದೇವರ ಬಾಯಲ್ಲೇ ಸರಿ ಎನಿಸಿಕೊಂಡ ಹುಡುಗಿಯರಿಗೂ ಕೊನೆಗೆ ಹಗ್ಗ ಕಟ್ಟಿಯೇ ಬಿಟ್ಟರು. ಹಿರಿಯ ಗಂಡಸರು ಎಲ್ಲ ಊರಲ್ಲೂ ಒಂದೇ ಶಾಲೆಯಲ್ಲಿ ಓದಿರುತ್ತಾರೋ ಏನೋ. ನಿಮ್ಮ ದೇವರಾದರೂ ಪೂರ್ತಿ ನ್ಯಾಯ ಹೇಳಬಾರದಿತ್ತೇ ಎಂದು ಆಂಟಿಯ ಮೇಲೆ ಹರಿಹಾಯ್ದೆ. ನನ್ನ ತಮ್ಮನ ಮೇಲಿದ್ದದ್ದನ್ನೆಲ್ಲ ಆ ಎಪ್ಪತ್ತೈದರ ಮುದುಕಿಯ ಮೇಲೆ ತೀರಿಸಿಕೊಂಡೆ, ಅದೂ ಅವರದೇ ಮಲಿದಾ ತಿಂದು.

ಆಂಟಿ ಬೇಸರ ಮಾಡಿಕೊಳ್ಳಲಿಲ್ಲ. "ನನ್ ಮೇಲೆ ಯಾಕೆ ಕೋಪ ಸರೋಜಾ? ಅದನ್ನ ನಾನು ಬರೆದಿದ್ದಲ್ಲ" ಎಂದರು.

ತಟ್ಟೆ ತೊಳೆದಿಟ್ಟು ಕೆಳಗೆ ಬಂದೆ. 'ನಾನು ಬರೆದಿದ್ದಲ್ಲ' ಎಂಬ ಅವರ ಮಾತನ್ನು ನಾನು ಹೇಳುವ ಹಾಗಿಲ್ಲ ಎನ್ನುವುದು ಮೆಟ್ಟಿಲಿಳಿಯುವಾಗ ನೆನಪಾಗಿತ್ತು.

ನನಗಾಗ ಹದಿನೇಳು ವರ್ಷ. ಲೇಔಟಿಗೆಂದು ನಮ್ಮ ಹೊಲದಲ್ಲಿ ಒಂದಷ್ಟು ಹೋಗುತ್ತದೆ ಎಂದು ನೋಟೀಸು ಬಂದಿತ್ತು. ಜಮೀನಿನ್ನೂ ತೀರಿಹೋದ ತಾತನ ಹೆಸರಲ್ಲೇ ಇತ್ತು. ಕಚೇರಿಯವರು ವಂಶವೃಕ್ಷ ಬರೆದು ತನ್ನಿ ಎಂದಿದ್ದರು. ಮನೆಯಲ್ಲಿ ಅಕ್ಷರ ಚೆನ್ನಾಗಿದ್ದವಳು ನಾನೊಬ್ಬಳೇ. ಶಾಲೆಯ ಕರಿಹಲಗೆಯ ಮೇಲೆ ನುಡಿಮುತ್ತು ಬರೆಯಲು ನನ್ನನ್ನೇ ಕರೆಯುತ್ತಿದ್ದರು, ಆ ಜಂಬ ಬೇರೆ. ಅಪ್ಪ ನಡುಮನೆಯಲ್ಲಿ ಕೂರಿಸಿ ಹೇಳುತ್ತ ಹೋದರು, ನಾನು ಅಡಿಪಟ್ಟಿ ಇಟ್ಟು ಗೆರೆ ಎಳೆದೆ. ತಾತನ ಕೆಳಗೆ ಎರಡು ಗೆರೆ ಎಳೆಯಲು ಹೋದಾಗ ಅಪ್ಪ, "ಒಂದೇ ಸಾಕು" ಎಂದರು. "ಅತ್ತೆ?" ಎಂದೆ. "ಅವಳ ಮದ್ವೆ ಆಯ್ತಲ್ಲ, ಬರೀ" ಎಂದರು. ಬರೆದೆ. 'ಇವರ ಹೊರತು ಬೇರೆ ಮಕ್ಕಳು, ವಾರಸುದಾರರು ಯಾರೂ ಇರುವುದಿಲ್ಲ.' ನನ್ನ ದುಂಡನೆಯ ಅಕ್ಷರದಲ್ಲಿ, ಒಂದು ಕಾಗುಣಿತದ ತಪ್ಪಿಲ್ಲದೆ. ಗೌರಿ ಹಬ್ಬದ ಬಾಗಿನಕ್ಕೆಂದು ಬಂದಿದ್ದ ಅತ್ತೆ ಇನ್ನೂ ತವರಿನಲ್ಲೇ ಇದ್ದರು. ಅಡುಗೆಮನೆಯಲ್ಲಿ ನಮಗೆಲ್ಲ ರೊಟ್ಟಿ ತಟ್ಟುತ್ತಿದ್ದರು. ಬರೆದು ಮುಗಿಸಿ ನಾನೇ ಮೊದಲು ಹೋಗಿ ಬಿಸಿ ರೊಟ್ಟಿ ತಿಂದೆ. ಬೆಣ್ಣೆ ಕೇಳಿ ಹಾಕಿಸಿಕೊಂಡೆ.

ಹದಿನೇಳಕ್ಕೆ ಏನು ತಿಳಿಯುತ್ತದೆ ಎಂದು ನೀವು ಸಮಾಧಾನ ಹೇಳಬಹುದು. ಹೇಳಬೇಡಿ. 'ಅತ್ತೆ?' ಎಂದು ಕೇಳಿದವಳಿಗೆ ತಿಳಿದೇ ಇತ್ತು.

ಮೂರನೆಯ ದಿನ ನಾಗರಾಜ ಮನೆಗೆ ಬಂದ, ಕೈಯಲ್ಲಿ ಸೊಗಡಿನ ಅವರೆಕಾಯಿಯ ಚೀಲ. ತಮ್ಮನೇ ಅಲ್ಲವೇ, ಕಾಫಿ ಕೊಟ್ಟೆ. ನಾನು ಕಚೇರಿಗೆ ತಕರಾರು ಅರ್ಜಿ ಕೊಡುತ್ತೇನೆ ಎಂದು ಹೆದರಿದ್ದ. "ಆಯ್ತಕ್ಕ, ತಪ್ಪಾಯ್ತು. ನಿನ್ನ ಹೆಸರು ಹಾಕಿಸ್ತೀನಿ. ಬೇರೆ ಮಾಡಿಸೋಣ" ಎಂದ. ನನಗೆ ಗೆದ್ದ ಹಾಗಾಯಿತು. ಅಷ್ಟರಲ್ಲಿ ಅವನೇ, "ಆದ್ರೆ ಅಲ್ಲಿಗೇ ನಿಲ್ಲಿಸ್ಬಿಡೋಣ. ಪಿಳ್ಳಮ್ಮತ್ತೆ ಸುದ್ದಿ ಮಾತ್ರ ಎತ್ಬೇಡ. ಆ ಕಡೆ ಮಕ್ಳು ಮೊಮ್ಮಕ್ಳು ಎಷ್ಟ್ ಜನ ಅಂತ ನಿಂಗೂ ಗೊತ್ತು" ಎಂದ.

"ಅದು ಹೇಗಾಗುತ್ತೋ?"

"ಹೆಂಗೇನು? ಹಳೇದನ್ನ ಇಟ್ಕೊಂಡೇ ಅಲ್ವಾ ನಾನು ಹೊಸದು ಮಾಡ್ಸಿದ್ದು. ಅದ್ರಲ್ಲಿ ಅತ್ತೆ ಇಲ್ಲ. ಹೆಣ್ಮಕ್ಕಳನ್ನ ಹಾಕೋ ಪದ್ಧತಿ ನಮ್ಮಲ್ಲಿಲ್ಲ ಅಂದ್ಕೊಂಡೆ." ಅವನು ಕಾಫಿ ಲೋಟದೊಳಗೆ ನೋಡುತ್ತ ಹೇಳಿದ. "ಅಕ್ಷರ ನಿಂದೇ ಅಕ್ಕ."

ಅವನು ಚುಚ್ಚಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ. ನನ್ನನ್ನು ಅಳಿಸುವುದು ಹೇಗೆಂದು ನನ್ನ ತಮ್ಮ ನನ್ನ ಕಾಪಿ ನೋಡಿಯೇ ಕಲಿತಿದ್ದಾನೆ. ಇಷ್ಟು ವರ್ಷ ಎಷ್ಟೋ ಮಕ್ಕಳಿಗೆ ಕಾಪಿ ಬರೆಸಿದ ನನಗೆ ಇದಕ್ಕಿಂತ ಶ್ರದ್ಧೆಯ ವಿದ್ಯಾರ್ಥಿ ಸಿಕ್ಕಿರಲಿಲ್ಲ. ನನ್ನೊಬ್ಬಳ ಹೆಸರು ಸೇರಿಸಿ ಅಲ್ಲಿಗೇ ನಿಲ್ಲಿಸುವುದು ಎಷ್ಟು ಸುಲಭ ಎಂದು ಒಂದು ರಾತ್ರಿಯಲ್ಲ, ಎರಡು ರಾತ್ರಿ ಯೋಚಿಸಿದ್ದೇನೆ. ಸುಳ್ಳು ಯಾಕೆ ಹೇಳಲಿ, ಆಸೆಯಾಗಿತ್ತು.

ಮಂಗಳವಾರ ಆಟೋ ಹಿಡಿದು ಶ್ರೀನಗರಕ್ಕೆ ಹೋದೆ. ಪಿಳ್ಳಮ್ಮತ್ತೆಗೆ ಈಗ ಎಂಬತ್ತೇಳು. ಮಗಳ ಮನೆಯ ಜಗುಲಿಯಲ್ಲಿ ಬಿಸಿಲಿಗೆ ಕೂತು, ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಬೆರಳು ಸೊಟ್ಟಗಾಗಿವೆ, ಆದರೆ ಕಾಳು ಸಿಪ್ಪೆಯಿಂದ ಪುಳಕ್ಕೆಂದು ಹಾರಿ ನೇರ ಪಾತ್ರೆಗೇ ಬೀಳುತ್ತದೆ. ಪಕ್ಕದಲ್ಲಿ ಕೂತು ನಾನೂ ಹಿತುಕತೊಡಗಿದೆ. ನನ್ನ ಕಾಳುಗಳು ಗೋಡೆಗೆ ಬಿದ್ದವು. ಹಾಗೇ ಎಲ್ಲ ಹೇಳಿದೆ, ನಾಗರಾಜನ ಕಾಗದ, ಅವನು ಆಡಿದ ಮಾತು, ನಾನು ಬರೆದ ಹಳೆಯ ಕಾಗದ. "ಅತ್ತೆ, ನಿನ್ ಹೆಸರು ಬಿಟ್ಟು ಬರೆದವಳು ನಾನೇ. ತಪ್ಪಾಯ್ತು" ಎಂದೆ.

ಅತ್ತೆ ಕೈ ನಿಲ್ಲಿಸಲಿಲ್ಲ. "ಗೊತ್ತು. ನೀನ್ ಬರ್ದಾದ್ಮೇಲೆ ನಿಮ್ಮಪ್ಪ ಗಟ್ಟಿಯಾಗಿ ಓದ್ಸಿದ್ನಲ್ಲ. ಅಡ್ಗೆಮನೆಗೆ ಕೇಳಿಸ್ತು."

ಅವರು ಅವತ್ತು ನನ್ನ ರೊಟ್ಟಿಗೆ ಬೆಣ್ಣೆ ಹಾಕಿದ್ದು ಅದನ್ನು ಕೇಳಿಸಿಕೊಂಡ ಮೇಲೆ.

"ಮತ್ತೆ ಒಂದು ಮಾತು ಯಾಕತ್ತೆ ಕೇಳ್ಲಿಲ್ಲ?"

"ಕೇಳ್ಬೌದಿತ್ತು. ಕೇಳಿದ್ರೆ ತವರ್ಮನೆ ಬಾಗ್ಲು ಮುಚ್ತಿತ್ತು. ನಿಮ್ಮನ್ನೆಲ್ಲ ನೋಡೋಕೆ ಎಲ್ಲಿಗ್ ಬರ್ಲಿ ನಾನು?" ಎಂದರು. ಸಿಪ್ಪೆ ಆಚೆಗೆಸೆದು, "ಸಿಟ್ಟಿತ್ತು ಕಣೇ. ಈಗ್ಲೂ ಇದೆ" ಎಂದರು. ದನಿ ಮೆತ್ತಗಿರಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ನಾನು ಚೀಲದಿಂದ ಹಾಳೆ, ಪೆನ್ನು, ಅಡಿಪಟ್ಟಿ ತೆಗೆದೆ. ಕಚೇರಿಗೆ ಕೊಡುವ ಅರ್ಜಿಯ ಜೊತೆ ಸರಿಯಾದ ವಂಶವೃಕ್ಷ ಬರೆದುಕೊಡುತ್ತೇನೆ, ನಾಗರಾಜ ಏನಾದರೂ ಅಂದುಕೊಳ್ಳಲಿ, ಗೌರಿ ಹಬ್ಬಕ್ಕೆ ಮೊರ ಬರದಿದ್ದರೆ ಬೇಡ ಎಂದೆ. ಅತ್ತೆ ಕೈ ಒರೆಸಿಕೊಂಡು ಹತ್ತಿರ ಸರಿದರು. ಮೇಲೆ ತಾತನ ಹೆಸರು ಬರೆದೆ. ಎರಡು ಗೆರೆ ಎಳೆದೆ. ಮೊದಲನೆಯ ಗೆರೆಯ ತುದಿಗೆ, ಕೈ ತಾನಾಗಿಯೇ ಹೋಗಿ, ವೆಂಕಟಪ್ಪ ಎಂದು ಬರೆದೆ.

ಅತ್ತೆಯ ಸೊಟ್ಟ ಬೆರಳು ಆ ಹೆಸರಿನ ಮೇಲೆ ಬಂದು ನಿಂತಿತು. "ಇದೇನ್ ಬರ್ದಿದ್ದು?"

"ಅಪ್ಪನ ಹೆಸರತ್ತೆ. ಪಕ್ಕದಲ್ಲಿ ನಿಂದು ಬರೀತೀನಿ."

"ಅಲ್ಲಿ ನಾನು ಬರ್ಬೇಕು. ಅವ್ನು ನನಗಿಂತ ಆರ್ ವರ್ಷ ಚಿಕ್ಕೋನು. ಅವ್ನನ್ನ ಸೊಂಟದ ಮೇಲೆ ಹೊತ್ತು ಬೆಳ್ಸಿದ್ದು ನಾನು."

ನಾನು ಅಪ್ಪನ ಹೆಸರಿನ ಮೇಲೆ ಗೆರೆ ಎಳೆಯಲು ಪೆನ್ನು ಊರಿದೆ. ಅತ್ತೆ ನನ್ನ ಕೈ ಹಿಡಿದರು.

"ಹೊಡೆದ್ಹಾಕಿ ಸಂದೀಲಿ ನನ್ನ ತೂರಿಸ್ಬೇಡ. ಹೊಸಾ ಹಾಳೆ ತಗೋ."